ಡೌನ್ ಆಗದ ಸರ್ವರ್

ಒಂದೇ ಕೈಯ ಬೆರಳುಗಳ ನಡುವೆ ಐದಾರು ಚಹಾದ ಗ್ಲಾಸು ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ಮಿರ್ಚಿ ಭಜಿಯ ತಾಟು ಹಿಡಿದು, ಪರದೆಯನ್ನು ಮೊಣಕೈಯಿಂದ ಸರಿಸಿ ಮಾಬುಸಾಬರು ಅಡುಗೆಮನೆಯಿಂದ ಹೊರಬರುತ್ತಿದ್ದರು. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ರೋಣದ ಆ ಹೋಟೆಲಿನ ಗಿರಾಕಿಗಳಿಗೆ ಅವರು ಬರೀ 'ಸರ್ವರ್'. ಯಾರು ಕೂಗಿದರೂ "ಬಂದೆರೀ" ಎನ್ನುವರು, ಬಂದೇ ಬಿಡುವರು.

ಎದುರಿನ ಸರಕಾರಿ ಕಚೇರಿಗೂ ಒಂದು ಸರ್ವರ್ ಇತ್ತು. ಅದನ್ನು ಯಾರೂ ಕಂಡವರಿಲ್ಲ. ಕಂಪ್ಯೂಟರಿನ ಆಚೆ ಎಲ್ಲೋ ದೂರದಲ್ಲಿರುತ್ತದಂತೆ. "ಸರ್ವರ್ ಡೌನ್ ಐತಿ, ನಾಳಿ ಬರ್ರಿ" ಎಂದು ಗುಮಾಸ್ತರು ಮೊಬೈಲಿನಿಂದ ತಲೆ ಎತ್ತದೆ ಹೇಳುತ್ತಿದ್ದರು. ಯಾಕೆಂದು ಕೇಳಿದರೆ, "ಮ್ಯಾಲಿಂದನ ಪ್ರಾಬ್ಲಮ್ ಐತಿ." ಬರಬರುತ್ತ ಈ ಮಾತು ಊರಿಗೇ ರೂಢಿಯಾಯಿತು. ಬೀಗರ ಮದುವೆಗೆ ಹೋಗಲು ಮನಸ್ಸಿಲ್ಲದವನಿಗೂ ಸರ್ವರ್ ಡೌನ್, ಹಿಂದಿನ ದಿನ ಕುಡಿದು ಮಲಗಿದವನಿಗೂ ಸರ್ವರ್ ಡೌನ್.

ಹೋಟೆಲಿನ ಪಕ್ಕದಲ್ಲೇ ನನ್ನ ಝೆರಾಕ್ಸ್ ಅಂಗಡಿ. ಒಂದು ಬೆಳಿಗ್ಗೆ ನಾನು ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಮುಶಿಗೇರಿಯ ಮುದುಕಿಯೊಬ್ಬಳು ಒಳಗೆ ಬಂದಳು. ಪಿಂಚಣಿಗಾಗಿ ಕಚೇರಿಗೆ ಅಲೆದು ಅಲೆದು ಸೋತವಳು. ಅಷ್ಟರಲ್ಲಿ ಯಾರೋ "ಸರ್ವರ್!" ಎಂದು ಕೂಗಿದರು. ಮಾಬುಸಾಬರು "ಬಂದೆರೀ" ಎಂದರು. ಮುದುಕಿ ಸೀದಾ ಅವರೆದುರು ಹೋಗಿ ನಿಂತಳು.

"ನೀನ ಏನಪಾ ಸರ್ವರ? ಡೌನ್ ಆಗ್ಯಾನ ಅಂದ್ರ ಜ್ವರಾ ಬಂದು ಮಕ್ಕೊಂಡಾನ ಅನ್ಕೊಂಡಿದ್ನಿ. ಕಲ್ಲಿನಂಗ ಗಟ್ಟಿ ಅದಿ! ನಿನ್ನ ಹೆಸರು ಹೇಳಿ ಅವ್ರು ನನ್ನ ಅಡ್ಡಾಡಸಾಕತ್ತಾರ!"

ಹೋಟೆಲಿಗೆ ಹೋಟೆಲೇ ನಕ್ಕಿತು. ಮಾಬುಸಾಬರು ನಗಲಿಲ್ಲ.

"ತಪ್ಪಾತ ಬೇ ಯವ್ವಾ. ಈಗ ಆರಾಮ ಆಗೇನಿ. ಕುಂದ್ರು, ಚಾ ಕುಡಿ" ಎಂದು ಬೆಂಚು ಒರೆಸಿ ಕೂರಿಸಿದರು.

ಹನ್ನೊಂದಕ್ಕೆ ಎಂದಿನಂತೆ ಕಚೇರಿಯ ಜವಾನ ಬಂದ. "ಎಲ್ಲಾರಿಗೂ ಚಾ, ಲಗೂ."

"ಸರ್ವರ್ ಡೌನ್ ಐತಿ, ನಾಳಿ ಬರ್ರಿ" ಎಂದರು ಮಾಬುಸಾಬರು, ಎರಡು ಕೈಯಲ್ಲೂ ಗ್ಲಾಸು ಹಿಡಿದುಕೊಂಡೇ.

ಸ್ವಲ್ಪ ಹೊತ್ತಿಗೆ ಗುಮಾಸ್ತರೇ ಬಂದರು. "ಏನಪಾ, ಚಾಷ್ಟಿ ಹಚ್ಚೀಯೇನು?"

"ಇಲ್ರಿ ಸಾಹೇಬ್ರ. ನಮ್ಮ ಕೈಯಾಗ ಏನೂ ಇಲ್ಲ. ಮ್ಯಾಲಿಂದನ ಪ್ರಾಬ್ಲಮ್ ಐತಿ."

ಗುಮಾಸ್ತರು ಸುತ್ತ ನೋಡಿದರು. ದಿನಾ ಅವರ ಟೇಬಲ್ಲಿನ ಮುಂದೆ ಕೈಕಟ್ಟಿ ನಿಲ್ಲುವವರೆಲ್ಲ ಬೆಂಚಿನ ಮೇಲೆ ಕೂತು ನಗುತ್ತಿದ್ದರು. ಮುದುಕಿ ಬಸಿ ತಟ್ಟೆಗೆ ಬಗ್ಗಿಸಿಕೊಂಡ ಚಹಾವನ್ನು ಊದಿ ಊದಿ ಕುಡಿಯುತ್ತಿದ್ದಳು.

ಮಧ್ಯಾಹ್ನದೊಳಗೆ ಕಚೇರಿಯ ಸರ್ವರ್ ಎದ್ದು ಕೂತಿತು. ಮುದುಕಿಯ ಕೆಲಸ ಆಯಿತು. ಸಂಜೆಗೆ ಮಾಬುಸಾಬರ ಕೆಲಸ ಹೋಯಿತು. "ಆಫೀಸಿನವ್ರನ್ನ ಎದುರು ಹಾಕ್ಕೊಂಡು ನಾ ಹೋಟೆಲ್ ನಡಸೂದು ಹ್ಯಾಂಗ?" ಎಂದರಂತೆ ಮಾಲಕರು. ಮಾಬುಸಾಬರು ಹೆಗಲ ಮೇಲಿನ ಅರಿವೆಯನ್ನು ಝಾಡಿಸಿ, ಮಡಚಿ, ಗಲ್ಲಾಪೆಟ್ಟಿಗೆಯ ಮೇಲಿಟ್ಟು ನಡೆದರು.

ಹೋದ ವರ್ಷ ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹತ್ತಿರ, ಮಿರ್ಚಿಯ ಕೈಗಾಡಿಯ ಹಿಂದೆ ಅವರನ್ನು ಕಂಡೆ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ತಂಗಿ ಊರ್ರಿ ಇದು. ಗಾಡಿ ನಂದ" ಎಂದು, ನಾನು ಬೇಡವೆಂದರೂ ಬಿಸಿ ಮಿರ್ಚಿ ಕಟ್ಟತೊಡಗಿದರು.

ಅಷ್ಟರಲ್ಲಿ ಬಸ್ಸಿನಿಂದಿಳಿದ ಒಬ್ಬಾತ, "ಮಾಲಕ್ರ, ಎರಡು ಪ್ಲೇಟ್" ಎಂದ. ಮಾಬುಸಾಬರು ಗಡಬಡಿಸಿ ನೆಟ್ಟಗೆ ನಿಂತು, ಮಾಲಕರು ಯಾವಾಗ ಬಂದರೆಂದು ಹಿಂತಿರುಗಿ ನೋಡಿದರು.