ಅಜ್ಜನ ಹಾಡಿನ ಎರಡನೇ ಚರಣ

೨೦೦೮ ಡಿಸೆಂಬರ್ ೧೨, ಶುಕ್ರವಾರ, ಬೆಳಿಗ್ಗೆ ಒಂಬತ್ತೂವರೆ. ಬಿನ್ ಮಹಮೂದ್, ದೋಹಾ.

ತೆಂಗಿನೆಣ್ಣೆ ಗಟ್ಟಿಯಾಗಿದೆ. ದೋಹಾಕ್ಕೆ ಚಳಿ ಬಂತೆಂದು ನಾನು ಡೈರಿಯಲ್ಲಿ ಗುರುತು ಹಾಕುವುದು ಈ ಬಾಟಲಿ ನೋಡಿಯೇ. ಈ ಸಲ ಒಂದು ವಾರ ತಡ. ಬಾಟಲಿಯನ್ನು ಬಾಲ್ಕನಿಯ ಬಿಸಿಲಿಗಿಟ್ಟು ಬಂದರೂ ಕೈಯಲ್ಲಿ ವಾಸನೆ ಉಳಿಯಿತು. ಅದರ ಬೆನ್ನಿಗೇ ದಾಮೋದರಣ್ಣನ ನೆನಪಾಯಿತು.

ನಾಲ್ಕು ವರ್ಷದ ಹಿಂದೆ ಈ ಫ್ಲ್ಯಾಟಿನ ಬ್ಯಾಚಲರುಗಳಲ್ಲಿ ಅವರೇ ಹಿರಿಯರು. (ಹೆಂಡತಿ ಊರಲ್ಲಿದ್ದರೆ ಇಲ್ಲಿ ಅಜ್ಜಂದಿರೂ ಬ್ಯಾಚಲರೇ.) ಉಡುಪಿ ಕಡೆಯವರು, ಏಸಿ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ತಲೆಗೆ ಎಣ್ಣೆ ಹಚ್ಚುವಾಗಲೆಲ್ಲ ಹೇಳುತ್ತಿದ್ದರು: "ನನ್ನಜ್ಜ ಮುಖದ ಬಣ್ಣ ತೆಗೀತಿದ್ದದ್ದು ಇದರಲ್ಲೇ ಮಾರಾಯ."

ಅಜ್ಜ, ಅಂದರೆ ಅವರ ತಾಯಿಯ ತಂದೆ, ಕಂಪನಿ ನಾಟಕಗಳ ಕಾಲದ ಹಾಸ್ಯನಟ. ಹುಡುಗನಾಗಿದ್ದಾಗಲೇ ಮನೆಬಿಟ್ಟು ಓಡಿ ಕಂಪನಿ ಸೇರಿದವರು. ಕಂಠ ಒಡೆಯುವ ತನಕ ಸಖಿಯ ಪಾರ್ಟು. ಒಡೆದ ಮೇಲೆ ಹಾಸ್ಯ. ಒಳಗೆ ಅರಮನೆ ಕಳಚಿ ಕಾಡು ಕಟ್ಟುವಷ್ಟು ಹೊತ್ತು ಪರದೆಯ ಮುಂದೆ ನಿಂತು ಹಾಡಿ ನಗಿಸುವುದು ಅವರ ಕೆಲಸ. ಕಾಡು ತಡವಾದಷ್ಟೂ ಹಾಡು ಉದ್ದ. ರಾಜನಿಗಿಂತ ಅವರಿಗೇ ಹೆಚ್ಚು ‘ಒನ್ಸ್ ಮೋರ್’ ಬೀಳುತ್ತಿತ್ತಂತೆ. ಟಾಕಿ ಬಂತು, ಕಂಪನಿ ಮುಚ್ಚಿತು, ಅಜ್ಜ ಊರಿಗೆ ಮರಳಿ ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಟ್ಟರು. ಮನೆಯಲ್ಲಿ ಉಳಿದದ್ದು ಎರಡು ಸಾಲು:

ಮಾವನ ಮನೆಗೆ ಹೊರಟಾನೊ ಭೂಪ,
ಮೈಮೇಲೆ ಕೋಟು, ಕೆರವಿಲ್ಲ ಪಾಪ!

ಎರಡನೇ ಚರಣ ಯಾರಿಗೂ ಗೊತ್ತಿಲ್ಲ. ಊರಲ್ಲಿ ಹಾಸಿಗೆ ಹಿಡಿದಿದ್ದ ತಾಯಿ ಶುಕ್ರವಾರದ ಫೋನಿನಲ್ಲಿ ಕೇಳುತ್ತಿದ್ದುದು ಅದೊಂದನ್ನೇ: "ಸಿಕ್ಕಿತಾ ಮಗಾ?" ಅಮ್ಮ ಇರುವಾಗಲೇ ಕೇಳಿಸಬೇಕೆಂದು ದಾಮೋದರಣ್ಣ ದೋಹಾದ ಕನ್ನಡಿಗರನ್ನೆಲ್ಲ ಪೀಡಿಸಿದರು. ಆ ಹುಚ್ಚು ನನಗೂ ಹತ್ತಿತು. ಮುಶೈರಿಬ್‌ನ ಹೋಟೆಲಿನಲ್ಲಿ ಯಾರಾದರೂ ಕನ್ನಡ ಮಾತಾಡಿದರೆ ಸಾಕು, ಅವರ ಸಾಂಬಾರು ಆರುವ ತನಕ ವಿಚಾರಿಸುತ್ತಿದ್ದೆ.

ಕೊನೆಗೂ ಸಿಕ್ಕಿತು. ತೊಂದರೆಯೆಂದರೆ, ಎರಡು ಸಿಕ್ಕವು. ಹುಬ್ಬಳ್ಳಿಯವರೊಬ್ಬರು ತಮ್ಮ ಅಜ್ಜಿಯಿಂದ ಕೇಳಿ ತಂದದ್ದರಲ್ಲಿ ಭೂಪನ ಕೋಟು ಹುಬ್ಬಳ್ಳಿಯ ಧೂಳಿನಲ್ಲಿ ಕೆಂಪಾಗುತ್ತದೆ. ಮೈಸೂರಿನವರು ಹೇಳಿದ್ದರಲ್ಲಿ ಅವನು ಅಲ್ಲಿನ ಜಟಕಾದಿಂದ ಬೀಳುತ್ತಾನೆ.

"ಒಂದು ಖಂಡಿತ ಡೂಪ್ಲಿಕೇಟ್," ಎಂದರು ದಾಮೋದರಣ್ಣ, ಸ್ಟೋರಿನ ಬಿಡಿಭಾಗ ಪರೀಕ್ಷಿಸುವವರ ಹಾಗೆ. ಆ ಶುಕ್ರವಾರ ಸ್ಪೀಕರ್ ಹಾಕಿ ಎರಡನ್ನೂ ತಾಯಿಗೆ ಹಾಡಿದರು.

"ಎರಡೂ ಅಪ್ಪನದ್ದೇ ಮಗಾ," ಎಂದರು ಆ ತಾಯಿ. "ಮೊಕ್ಕಾಂ ಹಾಕಿದ ಊರಲ್ಲಿ ಹಗಲು ಪೇಟೆ ಸುತ್ತಿ ಬರುವುದು, ರಾತ್ರಿಗೆ ಆ ಊರನ್ನೇ ಹಾಡಿಗೆ ಸೇರಿಸುವುದು. ನಂಗೆ ಬೇಕಾದ್ದು ಮಂಗಳೂರಿನದ್ದು. ಚಿಕ್ಕವಳು, ಎದುರಲ್ಲೇ ಕೂತು ಅಳ್ತಿದ್ದೆ. ನನ್ನನ್ನೇ ಹಾಕಿ ಹಾಡಿದ್ರು. ಜನ ನಕ್ಕದ್ದು ನೆನಪುಂಟು, ಪದ ಇಲ್ಲ."

ಆ ಒಂದು ರಾತ್ರಿಯ ಪದವನ್ನು ಇನ್ನು ಯಾರಲ್ಲಿ ಕೇಳುವುದು? ದಾಮೋದರಣ್ಣ ಎಣ್ಣೆಬಾಟಲಿ ತಿರುಗಿಸುತ್ತಾ ಕುಳಿತರು.

"ಫೋನ್ ಕಾರ್ಡು ಖಲಾಸ್ ಆಗ್ತದೆ ಅಣ್ಣಾ," ಎಂದೆ ಮೆಲ್ಲಗೆ.

ಅವರು ಗಂಟಲು ಸರಿಮಾಡಿಕೊಂಡು, ಶ್ರುತಿಯ ಗೊಡವೆಯಿಲ್ಲದೆ, ಹಾಡಿಯೇಬಿಟ್ಟರು:

ದೋಹಾಕೆ ಬಂದಾನೊ ಕೋಟಿನ ಭೂಪ,
ಏಸಿಲಿ ನಡುಗಿ ಅಮ್ಮಾ ಅಂದ, ಪಾಪ!

ಅತ್ತಲಿಂದ ಕೆಮ್ಮೊ ನಗುವೊ ತಿಳಿಯದ ಸದ್ದು. ಆಮೇಲೆ ಸ್ಪಷ್ಟವಾಗಿ, "ಒನ್ಸ್ ಮೋರ್!"

ಕಾರ್ಡು ಮುಗಿಯುವ ತನಕ ಹಾಡಿದರು.

ಮರುವರ್ಷ ತಾಯಿ ತೀರಿಕೊಂಡರು. ದಾಮೋದರಣ್ಣ ಊರಿಗೆ ಹೊರಟುಹೋದರು.

ಈಗ ಹನ್ನೊಂದು ಗಂಟೆ. ಎಣ್ಣೆ ಕರಗಿದೆ. ಡೈರಿಯಲ್ಲಿ ಆ ಹಾಡಿನ ಮುಂದೆ ‘ಅಪೂರ್ಣ’ ಎಂದು ಬರೆದಿಟ್ಟಿದ್ದೆ; ಇವತ್ತು ಅದನ್ನು ಹೊಡೆದುಹಾಕಿದೆ. ಆದರೂ ಮಂಗಳೂರಿನ ಆ ಆಟ ನೋಡಿದ ಹಿರಿಯರು ಇದನ್ನೋದುವ ನಿಮ್ಮ ಮನೆಯಲ್ಲಿದ್ದರೆ, ಎದುರು ಕೂತು ಅಳುತ್ತಿದ್ದ ಮಗುವಿನ ಚರಣ ನೆನಪಿದೆಯೇ ಎಂದು ಕೇಳಿ ನನಗೆ ಬರೆಯಿರಿ. ಅದು ಸಿಗದಿದ್ದರೆ ನಿಮ್ಮೂರಿನದಾದರೂ ಸರಿ.