ಕಾಫಿ ಕಣದಲ್ಲಿ ಅಕ್ಕನ ಸಾಲು

ಚಿಕ್ಕಮಗಳೂರು, ಪುಷ್ಯಮಾಸದ ಒಂದು ಬೆಳಗು.

ಮಂಡಿನೋವಿನ ಹೆಂಗಸರಿಗೆ ಈ ಊರಿನಲ್ಲಿ ನೋಡಲು ಏನೂ ಇಲ್ಲ, ಇರುವುದೆಲ್ಲ ಬೆಟ್ಟದ ಮೇಲೆ ಎಂದು ನಮಗೆ ಹೇಳಿದವರು ಅನೇಕರು. ಅವರಲ್ಲಿ ಒಬ್ಬರಾದರೂ ಇಲ್ಲಿನ ಬೀದಿಗಳಲ್ಲಿ ನಿಧಾನವಾಗಿ ನಡೆದಿದ್ದರೇ ಎಂಬುದು ನನ್ನ ಅನುಮಾನ. ಅರವತ್ತೈದು ದಾಟಿದ ನನ್ನಕ್ಕ ಮಾತ್ರ ಅದನ್ನು ನಂಬಿ, ಇಂದೇ ಮನೆಗೆ ಮರಳೋಣವೆಂದು ಹಟ ಹಿಡಿದಿದ್ದಳು. ಬಸ್ ನಿಲ್ದಾಣಕ್ಕೆ ಹೊರಟಿದ್ದ ಆಟೋವನ್ನು ಊರಂಚಿನ ಕಾಫಿ ಕಣದ ಬಳಿ ನಾನೇ ನಿಲ್ಲಿಸಿದೆ.

ಮಂಜು ಆಗತಾನೇ ಕರಗುತ್ತಿತ್ತು. ಒಣಗಲು ಹರವಿದ್ದ ಕಾಫಿ ಹಣ್ಣಿನ ನಡುವೆ ಹೆಂಗಸೊಬ್ಬಳು ಬರಿಗಾಲನ್ನು ನೆಲದಿಂದ ಎತ್ತದೆ, ಎಳೆಯುತ್ತ ನಡೆಯುತ್ತಿದ್ದಳು. ಅವಳ ಹಿಂದೆ ನೇಗಿಲ ಗೆರೆಯಂಥ ಸಾಲು ಮೂಡುತ್ತಿತ್ತು. ಅರೆ ಒಣಗಿದ ಹಣ್ಣುಗಳು ದೂರದ ತೊರೆಯಂತೆ ಸದ್ದು ಮಾಡುತ್ತ ಮಗುಚಿಕೊಳ್ಳುತ್ತಿದ್ದವು. ನೋಡುತ್ತ ನಿಂತ ನಮಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

“ನಾನೂ ಬರ್ಲಾ?” ಅಕ್ಕ ಚಪ್ಪಲಿ ಬಿಟ್ಟಳು. “ಆದ್ರೆ ನಂಗೆ ಕಾಲು ಎತ್ತೋಕಾಗಲ್ಲ.”

“ಎತ್ತಿದ್ರೆ ಕಾಫಿ ಮಗುಚೋದು ಹ್ಯಾಂಗೆ ಮಾರಾಯ್ರೆ? ಎಳೀರಿ, ಸಾಕು,” ಎಂದು ಆ ಹೆಂಗಸು ನಕ್ಕಳು. “ಓಡೋರನ್ನ ನಮ್ಮ ಮೇಸ್ತ್ರಿ ಕಣಕ್ಕೆ ಬಿಡೋದೇ ಇಲ್ಲ.”

ಅಕ್ಕ ಎದುರಿನ ಗೋಡೆಯವರೆಗೂ ಹೋದಳು. ಅಲ್ಲಿ ನಿಂತು, ತನ್ನ ಹಿಂದೆ ಮೂಡಿದ್ದ ಸೊಟ್ಟ ಸಾಲನ್ನು ಬಹಳ ಹೊತ್ತು ನೋಡಿದಳು.

“ಅಮ್ಮಾ, ಬಸ್ಸಿಗೆ ಹೊತ್ತಾಯ್ತು!” ಆಟೋದವರು ಕೂಗಿದರು.

“ಯಾಕೆ, ನಾಳೆ ಬಸ್ಸಿಲ್ವಾ?” ಎಂದು ಅಕ್ಕ ಪಕ್ಕದ ಸಾಲಿಗೆ ಕಾಲೆಳೆದಳು.