ಎತ್ತಿನ ಹಗ್ಗ, ವಿಮಾನದ ಕೋಲು

ವಿಮಾನ ಹಾರಿಸುವುದು ಬಹಳ ಕಷ್ಟವೇ ಎಂದು ನನ್ನನ್ನು ಕೇಳುವವರಿದ್ದಾರೆ. ಹಾರುವುದರಲ್ಲಿ ಏನೂ ಇಲ್ಲ ಸ್ವಾಮಿ, ಇಳಿಯುವುದರಲ್ಲೇ ಎಲ್ಲ ಇದೆ. ನಮ್ಮ ಪುರಾಣಗಳ ದೇವತೆಗಳು ವಿಮಾನ ಏರಿ ಬರುತ್ತಾರೆ, ಹೂಮಳೆ ಸುರಿಸುತ್ತಾರೆ, ಹೊರಟುಹೋಗುತ್ತಾರೆ. ಅವರು ಎಲ್ಲಿ ಇಳಿದರು, ಇಳಿಯುವಾಗ ಗಾಲಿ ನೆಟ್ಟಗಿತ್ತೇ ಎಂದು ಯಾವ ಪುರಾಣಿಕರೂ ಹೇಳಿದ್ದು ನಾನು ಕೇಳಿಲ್ಲ. ಹೇಳುವಂತಿರಲಿಲ್ಲವೇನೋ ಎಂಬ ಗುಮಾನಿ ನನಗಿದೆ.

ನಾನು ಉಪ್ಪಿನಬೆಟಗೇರಿಯ ಒಕ್ಕಲುತನದ ಮನೆಯವನು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಧಾರವಾಡದಲ್ಲಿ ಕಾಲೇಜು ಮುಗಿಸಿದ್ದೆ. ಆಗ ಹುಬ್ಬಳ್ಳಿ ಹತ್ತಿರ, ಬೈರಿದೇವರಕೊಪ್ಪದ ಆಚೆಯ ಬಯಲಿನಲ್ಲಿ ಕೆಲವು ಉತ್ಸಾಹಿಗಳು ಎರಡು ಜೊತೆ ರೆಕ್ಕೆಯ ಪುಟ್ಟ ವಿಮಾನವೊಂದನ್ನು ತಂದು ಹಾರಾಟ ಕಲಿಸತೊಡಗಿದರು. ಅಲ್ಲೇ ಒಂದು ಖೋಲಿ ಹಿಡಿದು ನಾನೂ ಸೇರಿಕೊಂಡೆ. ನಮ್ಮ ಗುರುಗಳು ಕಾರ್ಣಿಕರು. ಸಿಟ್ಟು ಬಂದಾಗ ಟೊಪ್ಪಿಗೆ ತೆಗೆದು ಬೋಳುತಲೆ ಒರೆಸಿಕೊಳ್ಳುತ್ತಿದ್ದರು. ನಾನು ಶಿಷ್ಯನಾದ ಮೇಲೆ ಆ ತಲೆ ಸದಾ ಫಳಫಳ ಹೊಳೆಯುತ್ತಿತ್ತು.

ಅವರು ಜೊತೆಗೆ ಕೂತಾಗ ನಾನು ಚೆನ್ನಾಗಿಯೇ ಇಳಿಸುತ್ತಿದ್ದೆ. ಒಬ್ಬನೇ ಹೋದಾಗ ಎರಡು ಸಲ ಗಾಲಿ ಮುರಿದೆ. ನೆಲ ಹತ್ತಿರವಾದಂತೆ ವಿಮಾನವನ್ನು ಏರಿಸಿ ಇಳಿಸುವ, ಕೈಯಲ್ಲಿನ ಕೋಲನ್ನು ಮೆಲ್ಲಗೆ ಹಿಂದಕ್ಕೆ ತರಬೇಕು. ನಾನು ಗಕ್ಕನೆ ಜಗ್ಗುತ್ತಿದ್ದೆ. ವಿಮಾನ ಮೂತಿ ಎತ್ತಿ ಮತ್ತೆ ಮೇಲೇಳುತ್ತಿತ್ತು, ವೇಗ ಕಳೆದುಕೊಳ್ಳುತ್ತಿತ್ತು, ಆಮೇಲೆ ಹತ್ತಿ ತುಂಬಿದ ಅಂಡಿಗೆ ಚೀಲದಂತೆ ಧೊಪ್ಪನೆ ಬೀಳುತ್ತಿತ್ತು.

"ಇನ್ನೊಂದು ಗಾಲಿ ಮುರದ್ರ, ಹಾಸಿಗಿ ಸುತ್ತಿಕೊಂಡು ಊರಿಗೆ ನಡಿ" ಎಂದರು ಕಾರ್ಣಿಕರು. ನನಗೆ ಅಳುವೇ ಬಂತು. ನಮ್ಮ ಎರೆಹೊಲಗಳನ್ನು ಒಮ್ಮೆ ಮೇಲಿನಿಂದ ಕಂಡಿದ್ದೆ. ಆ ಸುಖವನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

ನನ್ನ ಮುಖ ನೋಡಿ ಅವರ ಸಿಟ್ಟು ಸ್ವಲ್ಪ ಇಳಿಯಿತು. "ಅಲ್ಲೋ, ನೀ ಇಳೀಮುಂದ ಏನೋ ಒದರ್ತೀಯಲ್ಲ, ಏನದು?"

ಒದರುವುದು ನನಗೇ ಗೊತ್ತಿರಲಿಲ್ಲ. ಇಳಿಯುವಾಗ ಎಂಜಿನ್ನಿನ ಸದ್ದು ಅಡಗಿರುತ್ತದೆ, ನನ್ನ ದನಿ ಬಯಲಿಗೆಲ್ಲ ಕೇಳುತ್ತಿತ್ತಂತೆ. ನಾನು "ಹೋ! ಹೋ!" ಅನ್ನುತ್ತಿದ್ದೆನಂತೆ, ಚಕ್ಕಡಿಯ ಎತ್ತು ನಿಲ್ಲಿಸುವಾಗ ಅನ್ನುವ ಹಾಗೆ! ಚಿಕ್ಕಂದಿನಿಂದ ಎತ್ತಿನ ಹಗ್ಗ ಹಿಡಿದ ಕೈ ಇದು. ಹೆದರಿಕೆಯಾದರೆ ಹಗ್ಗ ಜಗ್ಗಬೇಕು, ಜಗ್ಗಿದರೆ ಗಾಡಿ ನಿಲ್ಲುತ್ತದೆ ಎಂಬುದೊಂದೇ ಅದಕ್ಕೆ ತಿಳಿದ ವಿದ್ಯೆ. ಕಾರ್ಣಿಕರು ಜೊತೆಗಿದ್ದು ಬೈಯುತ್ತಿದ್ದಾಗ ಎತ್ತಿನ ನೆನಪಾಗಲು ಪುರುಸೊತ್ತಿರಲಿಲ್ಲ, ಅಷ್ಟೆ.

ಕಾರ್ಣಿಕರು ಹೊಟ್ಟೆ ಹಿಡಿದುಕೊಂಡು ನಕ್ಕರು. "ತಮ್ಮಾ, ಇದಕ್ಕ ಮೂಗುದಾರ ಇಲ್ಲೋ! ಮಲಗಿದ ಕೂಸನ್ನ ತೊಟ್ಟಿಲದಾಗ ಹಾಕ್ತಾರಲ್ಲ, ಹಂಗ ಇಳಸು."

ಮರುದಿನ ಅಪ್ಪ ಹುಬ್ಬಳ್ಳಿ ಪೇಟೆಗೆ ಹತ್ತಿ ಹಾಕಿ, ಬರಿಗಾಡಿಯೊಡನೆ ಬಯಲಿಗೆ ಬಂದ. ಕಾರ್ಣಿಕರ ಷರತ್ತು ಪೇಟೆಯಲ್ಲೇ ಅವನ ಕಿವಿಗೂ ಬಿದ್ದಿತ್ತು. ಮಗ ಹಾರುವುದನ್ನು ನೋಡಲು ಬಂದೆ ಎಂದ; ನನ್ನ ಹಾಸಿಗೆ ಕಟ್ಟಲು ಹಗ್ಗವನ್ನೂ ತಂದಿದ್ದ.

ಒಬ್ಬನೇ ಹಾರಿದೆ. ಇಳಿಯತೊಡಗಿದೆ. ನೆಲ ಮೇಲೆದ್ದು ಬಂತು. ಬಾಯಿ ಎಂದಿನಂತೆ "ಹೋ!" ಎಂದು ಒದರಿತು, ಕೈ ಮಾತ್ರ ಕೂಸನ್ನು ಎಚ್ಚರಗೊಳಿಸಲಿಲ್ಲ. ಗಾಲಿ ನೆಲ ಮುಟ್ಟಿದ್ದು ನನಗೇ ತಿಳಿಯಲಿಲ್ಲ. ಕಾರ್ಣಿಕರ ಟೊಪ್ಪಿಗೆ ತಲೆಯ ಮೇಲೆಯೇ ಇತ್ತು. ಅಪ್ಪ ಎಲ್ಲೋ ನೋಡುತ್ತ "ಛಲೋ ಇಳಿಸಿದಿ" ಎಂದ, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

ಅವ್ವನಿಗೆ ಹೇಳಿಬರೋಣವೆಂದು ನಾನೂ ಚಕ್ಕಡಿ ಹತ್ತಿದೆ. ಖುಷಿಯಲ್ಲಿ ಅಪ್ಪ ಎತ್ತಿನ ಹಗ್ಗವನ್ನು ನನ್ನ ಕೈಗೇ ಕೊಟ್ಟ. ದಾರಿಯುದ್ದಕ್ಕೂ ನನ್ನ ಕೂಸು-ತೊಟ್ಟಿಲಿನ ಪಾಠವೇ ನಡೆಯಿತು. ಮನೆ ಕಂಡದ್ದೇ ತಡ, ಎತ್ತುಗಳು ಮೇವಿನ ಆಸೆಗೆ ಓಟ ಕಿತ್ತವು. "ಜಗ್ಗೋ!" ಎಂದು ಅಪ್ಪ ಕೂಗಿದ. ನಾನು ಹಗ್ಗವನ್ನು ಮೆಲ್ಲಗೆ, ಬಹಳ ಮೆಲ್ಲಗೆ ಹಿಂದಕ್ಕೆ ತಂದೆ. ಚಕ್ಕಡಿ ಹೋಗಿ ಕಟ್ಟೆಗೆ ಬಡಿದು ಗಾಲಿ ಮುರಿಯಿತು.

ಅಪ್ಪ ಮಣ್ಣು ಝಾಡಿಸಿಕೊಂಡು ಎದ್ದ. ಗಾಲಿಯನ್ನು ನೋಡಿದ, ನನ್ನನ್ನು ನೋಡಿದ, ಬಾಗಿಲಲ್ಲಿ ನಿಂತ ಅವ್ವನಿಗೂ ಕೇಳದಂತೆ ದನಿ ತಗ್ಗಿಸಿದ.

"ಕಾರ್ಣಿಕರ ಮುಂದ ಹೇಳಬ್ಯಾಡ. ಇದನ್ನೂ ಲೆಕ್ಕಕ್ಕ ಹಿಡದಾರು."